ಭಾವ ಮಾತಾಗುವುದು ಹೇಗೆ? ಕಾಸರಗೋಡಿನ ಕನ್ನಡ ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಹೊಸದಾಗಿ ಕತೆ, ಕವಿತೆ, ಪ್ರಬಂಧ ಬರೆಯುವವರು ಕೂಡಿದಲ್ಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಭಾವವನ್ನೇ ಎತ್ತಿ ಹಾಳೆಯ ಮೇಲೆ ಇಡಲು ಯಾರಿಗೂ ಸಾಧ್ಯವಿಲ್ಲ. ಅದು ಹುಟ್ಟಿದ ಕಾರಣವನ್ನು ಇಡಬಹುದು, ಅದು ಬಿಟ್ಟುಹೋದ ಗುರುತನ್ನು ಇಡಬಹುದು. ಉಳಿದದ್ದು ಓದುವವರ ಎದೆಯಲ್ಲಿ ಆಗಬೇಕಾದ ಕೆಲಸ.

ಬರೆಯುವಾಗ ನನಗೆ ಅಳು ಬರುತ್ತದೆ. ಓದಿದವರು ಮಾತ್ರ "ಚೆನ್ನಾಗಿದೆ" ಎಂದು ಸುಮ್ಮನಾಗುತ್ತಾರೆ. ಯಾಕೆ ಹೀಗೆ?

"ಅಮ್ಮ" ಎಂದು ಬರೆದ ಕೂಡಲೇ ನಿಮ್ಮ ಕಣ್ಣ ಮುಂದೆ ನಿಮ್ಮ ಅಮ್ಮನ ಕೈಯ ಬಳೆ, ಕೆಮ್ಮು, ಸೀರೆಯ ಹೊಗೆವಾಸನೆ ಎಲ್ಲ ಬಂದು ನಿಲ್ಲುತ್ತದೆ. ಓದುವವರ ಮುಂದೆ ಇರುವುದು ಎರಡಕ್ಷರ ಮಾತ್ರ. ನಿಮ್ಮನ್ನು ಅಳಿಸಿದ್ದು ನಿಮ್ಮ ನೆನಪು, ನೀವು ಬರೆದ ವಾಕ್ಯ ಅಲ್ಲ.

ನಾಟ್ಯಶಾಸ್ತ್ರದ ಭರತನ ರಸಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಹಲವರು. ಅದನ್ನು ಕೆಲಸದ ಸಲಕರಣೆಯಾಗಿ ನೋಡಿದವರು ಕಡಿಮೆ. ವಿಭಾವ, ಅನುಭಾವ, ವ್ಯಭಿಚಾರಿಭಾವ ಇವು ಕೂಡಿದಾಗ ರಸ, ಎಂದರೆ ನೋಡುವವರು ಓದುವವರು ಸವಿಯುವ ಭಾವ, ಹುಟ್ಟುತ್ತದೆ ಎನ್ನುತ್ತದೆ ಆ ಸೂತ್ರ. ವಿಭಾವ ಎಂದರೆ ಕಾರಣ: ಯಾರು, ಯಾವುದು, ಎಲ್ಲಿ, ಯಾವ ಹೊತ್ತು. ಅನುಭಾವ ಎಂದರೆ ಹೊರಗೆ ಕಾಣುವ ಗುರುತು: ಮಾತು, ನೋಟ, ಕೈಯ ಚಲನೆ. ವ್ಯಭಿಚಾರಿ ಎಂದರೆ ನಡುವೆ ಬಂದು ಹೋಗುವ ಸಣ್ಣ ಭಾವಗಳು: ಶಂಕೆ, ನಾಚಿಕೆ, ದಣಿವು, ಇಂಥ 33 ಇವೆ. ಗಮನಿಸಬೇಕಾದ ಸಂಗತಿ ಏನೆಂದರೆ, ಶೋಕ, ಕ್ರೋಧ ಮೊದಲಾದ, ಮನಸ್ಸಿನಲ್ಲಿ ನೆಲೆನಿಲ್ಲುವ ಸ್ಥಾಯಿಭಾವದ ಹೆಸರೇ ಆ ಸೂತ್ರದಲ್ಲಿ ಇಲ್ಲ. ಹನ್ನೊಂದನೇ ಶತಮಾನದ ಕಾವ್ಯಮೀಮಾಂಸಕ ಮಮ್ಮಟನಂತೂ ಭಾವವನ್ನು ಅದರ ಹೆಸರು ಹಿಡಿದೇ ಹೇಳುವುದನ್ನು ರಸದೋಷಗಳ ಪಟ್ಟಿಗೆ ಸೇರಿಸಿದ. "ಅವಳಿಗೆ ದುಃಖವಾಯಿತು" ಎಂಬ ವಾಕ್ಯ ಓದುಗರಿಗೆ ಒಂದು ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಕೇಳಿ ಯಾರೂ ಅಳುವುದಿಲ್ಲ.

ಹೇಳುವುದು ಸುಲಭ. ಒಂದು ಪ್ಯಾರಾ ತಿದ್ದಿ ತೋರಿಸಬಹುದೇ?

ನಮ್ಮ ಕಡೆ ಮನೆಮನೆಯಲ್ಲೂ ಆಗುವ ಸಂದರ್ಭ ಒಂದನ್ನು ತೆಗೆದುಕೊಳ್ಳೋಣ. ಮಗ ಗಲ್ಫಿಗೆ ಹೊರಟಿದ್ದಾನೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಮಗ ಹೊರಟ ದಿನ ತಾಯಿಯ ದುಃಖ ಹೇಳತೀರದು. ಅವಳ ಕರುಳು ಕಿತ್ತು ಬಂದಂತಾಯಿತು. ಕಣ್ಣೀರು ಧಾರೆಯಾಗಿ ಹರಿಯಿತು. ತಾಯಿಯ ಪ್ರೀತಿಗೆ ಎಣೆಯುಂಟೇ!"

ನಾಲ್ಕು ವಾಕ್ಯಗಳಲ್ಲಿ ಒಂದು ವಸ್ತುವೂ ಇಲ್ಲ. ಮೊದಲನೆಯದು ಹೇಳಲಾಗದು ಎನ್ನುತ್ತಲೇ ಹೇಳಲು ಹೊರಟಿದೆ, ಎರಡನೆಯದು ಸಾವಿರ ಕಡೆ ಬಳಸಿದ ಮಾತು, ಮೂರನೆಯದು ಅಳತೆ ಮೀರಿದ್ದು, ನಾಲ್ಕನೆಯದು ಓದುಗರು ತಾವೇ ತಲುಪಬೇಕಾದ ತೀರ್ಮಾನವನ್ನು ಅವರ ಕೈಯಿಂದ ಕಸಿದುಕೊಂಡಿದೆ.

ಈಗ ಕೇಳಬೇಕಾದ ಪ್ರಶ್ನೆ ಒಂದೇ. ಆ ದಿನ ಆ ಮನೆಯಲ್ಲಿ ಜನರ ಕೈ ಏನು ಮಾಡುತ್ತಿತ್ತು? ಚೀಲ ಕಟ್ಟುತ್ತಿತ್ತು. ಚೀಲಕ್ಕೆ ತೂಕದ ಮಿತಿ ಇದೆ. ಅಲ್ಲಿಗೆ ವಿಭಾವ ಸಿಕ್ಕಿತು.

"ಕೊಕ್ಕೆ ತಕ್ಕಡಿಗೆ ಚೀಲ ನೇತುಹಾಕಿದರು. ಮೂವತ್ತೊಂದೂವರೆ. ಬಿಡುವುದು ಮೂವತ್ತು. ಅಮ್ಮ ಜಿಪ್ ಎಳೆದು ಹಲಸಿನ ಹಪ್ಪಳದ ಕಟ್ಟು ತೆಗೆದಳು. ಮತ್ತೆ ತೂಗಿದರು. ಇನ್ನೂ ಸ್ವಲ್ಪ ಹೆಚ್ಚೇ. ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಕೈಯಲ್ಲಿ ಹಿಡಿದು, 'ಇದು ಅಲ್ಲಿಯೂ ಸಿಗ್ತದಲ್ಲ?' ಅಂದಳು. ಅವನು ಪಾಸ್‌ಪೋರ್ಟ್ ಹುಡುಕುತ್ತಿದ್ದ. 'ಸಿಗ್ತದೆ' ಅಂದ. ಜೀಪು ಬಜಪೆಯ ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಸಂಜೆಯ ತನಕ ಆ ಬಾಟಲಿ ಜಗಲಿಯ ಮೇಲೆಯೇ ಇತ್ತು."

ಇಲ್ಲಿ ಕೆಲಸ ಮಾಡುವುದು "ಸಿಗ್ತದೆ" ಎಂಬ ಒಂದು ಪದ. ಅವನು "ಇಲ್ಲಮ್ಮ, ನಿನ್ನ ಕೈಯ ರುಚಿ ಎಲ್ಲಿಯೂ ಸಿಗುವುದಿಲ್ಲ" ಎಂದಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತು. ಓದುಗರಿಗೂ ಸಮಾಧಾನವಾಗಿ ಭಾವ ಅಲ್ಲೇ ತೀರಿಹೋಗುತ್ತಿತ್ತು. ಅವನು ಸತ್ಯವನ್ನೇ ಹೇಳಿದ, ಗಮನ ಬೇರೆ ಕಡೆ ಇಟ್ಟು ಹೇಳಿದ. ಅವಳು ಕೇಳಿದ್ದು ಉಪ್ಪಿನಕಾಯಿಯ ಬಗ್ಗೆ ಆಗಿರಲಿಲ್ಲ ಎಂಬುದು ಓದುಗರಿಗೆ ಮಾತ್ರ ಗೊತ್ತು, ಮಗನಿಗೆ ಗೊತ್ತಿಲ್ಲ. ಆ ಅಂತರದಲ್ಲಿ ನೋವು ಹುಟ್ಟುತ್ತದೆ.

ತಕ್ಕಡಿಯ ಅಂಕಿಯನ್ನೂ ನೋಡಿ. "ಚೀಲ ತುಂಬ ಭಾರವಿತ್ತು" ಎಂದಿದ್ದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒಂದೂವರೆ ಕಿಲೊ ಕಳೆಯಬೇಕು ಎಂದಾಗ ಏನನ್ನು ಬಿಡುವುದು ಎಂಬ ಇಕ್ಕಟ್ಟು ಹುಟ್ಟಿತು. ಕೊನೆಯ ವಾಕ್ಯದಲ್ಲಿ ತಾಯಿಯೇ ಇಲ್ಲ, ಬಾಟಲಿ ಮಾತ್ರ ಇದೆ. ಅಲ್ಲಿ ಅವಳ ಮುಖ ತೋರಿಸಲು ಹೋಗಿದ್ದರೆ ಬರಹ ಕೆಡುತ್ತಿತ್ತು.

"ಕರುಳು ಕಿತ್ತು ಬಂತು", "ಕಣ್ಣಾಲಿ ತುಂಬಿತು" ಎಂದು ಜನ ನಿಜವಾಗಿಯೂ ಹೇಳುತ್ತಾರಲ್ಲ? ಬರೆದರೆ ಏನು ತಪ್ಪು?

ಪಾತ್ರದ ಬಾಯಲ್ಲಿ ಬಂದರೆ ಏನೂ ತಪ್ಪಿಲ್ಲ. ಸಾವಿನ ಮನೆಗೆ ಬಂದ ನೆರೆಯಾಕೆ ಹಾಗೆ ಹೇಳಿಯೇ ಹೇಳುತ್ತಾಳೆ, ಆಕೆಗೆ ಬೇರೆ ಮಾತು ಕೊಟ್ಟರೆ ಸುಳ್ಳಾಗುತ್ತದೆ. ನಿರೂಪಣೆಯಲ್ಲಿ ಬಂದಾಗ ಮಾತ್ರ ತೊಂದರೆ. ಅಂಥ ನುಡಿಗಟ್ಟನ್ನು ಓದುಗರ ಕಣ್ಣು ಓದದೆಯೇ ದಾಟಿಬಿಡುತ್ತದೆ.

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ದುಃಖ, ನೋವು, ಸಂತೋಷ, ಭಯ, ಕೋಪ, ಒಂಟಿತನ ಇಂಥ ಹೆಸರುಗಳಿಗೆಲ್ಲ ಅಡಿಗೆರೆ ಎಳೆಯಿರಿ. ಹತ್ತು ಸಿಕ್ಕಿದರೆ ಎಂಟನ್ನು ಹೊಡೆದುಹಾಕಿ ನೋಡಿ. ಹೊಡೆದ ಮೇಲೂ ಭಾವ ಉಳಿದಿದ್ದರೆ ಆ ಪದ ಬೇಕಾಗಿರಲಿಲ್ಲ. ಭಾವವೇ ಮಾಯವಾದರೆ ಅಲ್ಲಿ ದೃಶ್ಯವನ್ನು ನೀವು ಇನ್ನೂ ಬರೆದಿಲ್ಲ ಎಂದು ತಿಳಿಯಬೇಕು. ಉದ್ಗಾರ ಚಿಹ್ನೆ, ಸಾಲು ಸಾಲು ಚುಕ್ಕಿಗಳಿಗೂ ಇದೇ ಪರೀಕ್ಷೆ.

ಅಳು ಬಿಟ್ಟರೆ ದುಃಖ ತೋರಿಸಲು ಬೇರೆ ಗುರುತುಗಳು ಯಾವುವು?

ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು, ಎಂದರೆ ಮನಸ್ಸು ಕಲಕಿದಾಗ ಮೈಯಲ್ಲಿ ಕಾಣುವ ಗುರುತುಗಳನ್ನು, ಹೇಳುತ್ತದೆ: ಸ್ತಂಭ, ಸ್ವೇದ (ಬೆವರು), ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಳಯ (ಮೂರ್ಛೆ). ಹೊಸಬರು ಅಶ್ರು ಒಂದನ್ನೇ ಹಿಡಿದುಕೊಂಡು ಉಳಿದ ಏಳನ್ನು ಮರೆಯುತ್ತಾರೆ. ಸ್ತಂಭ ಎಂದರೆ ಮರಗಟ್ಟುವುದು: ನಲ್ಲಿ ತಿರುಗಿಸಿದವನು ಕೊಡ ತುಂಬಿ ಹರಿದರೂ ನಿಂತೇ ಇದ್ದಾನೆ. ಸ್ವರಭೇದ ಎಂದರೆ ದನಿ ಬದಲಾಗುವುದು: ಫೋನಿನಲ್ಲಿ ಎರಡನೇ ಸಲ ಹೇಳುವಾಗ ಊರಿನ ಹೆಸರೇ ಗಂಟಲಿನಿಂದ ಹೊರಡುವುದಿಲ್ಲ. ವೇಪಥು ನಡುಕ: ಸಹಿ ಗೆರೆಯಿಂದ ಕೆಳಗೆ ಜಾರಿದೆ. ಒಂದು ದೃಶ್ಯಕ್ಕೆ ಒಂದು ಗುರುತು ಸಾಕು. ನಡುಕ, ಬೆವರು, ಕಣ್ಣೀರು ಮೂರನ್ನೂ ಒಟ್ಟಿಗೆ ತಂದರೆ ಪಾತ್ರಕ್ಕೆ ಜ್ವರ ಬಂದ ಹಾಗೆ ಕಾಣುತ್ತದೆ.

ಕನ್ನಡದ ವಾಕ್ಯದಲ್ಲೇ ಭಾವ ತರುವ ದಾರಿ ಇದೆಯೇ?

ಇದೆ, ಹೇರಳವಾಗಿ ಇದೆ. ನಮ್ಮ ನುಡಿಯ ಈ ಸಂಪತ್ತನ್ನು ಬಳಸದೆ ವಿಶೇಷಣಗಳನ್ನು ಪೇರಿಸುವುದು ನೋಡಿದಾಗ ಬೇಸರವಾಗುತ್ತದೆ.

"ಮಗ ಬಂದ" ಎಂಬುದನ್ನೇ ತೆಗೆದುಕೊಳ್ಳಿ. "ಮಗನೂ ಬಂದ" ಎಂದರೆ ಮನೆ ತುಂಬಿತು. "ಮಗನೇ ಬಂದ" ಎಂದರೆ ಆಳನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. "ಮಗನಾದರೂ ಬಂದ" ಎಂದರೆ ಬರಬೇಕಾದ ಬೇರೆಯವರು ಬರಲಿಲ್ಲ. ಇನ್ನು ಮುದುಕರೊಬ್ಬರು ಜಗಲಿಯಲ್ಲಿ ಕೂತು, "ಮಗ ಊರಿಗೆ ಬಂದನಂತೆ" ಎಂದರೆ? ಮಗ ಊರಿಗೆ ಬಂದಿದ್ದಾನೆ, ಮನೆಗೆ ಬಂದಿಲ್ಲ, ಸುದ್ದಿ ಬೇರೆಯವರ ಬಾಯಿಂದ ಗೊತ್ತಾಗಿದೆ. "ಅಂತೆ" ಎಂಬ ಎರಡಕ್ಷರ ಇಡೀ ಸಂಸಾರದ ಬಿರುಕನ್ನು ಹೇಳಿತು.

ಸಹಾಯಕ ಕ್ರಿಯಾಪದಗಳೂ ಹಾಗೆಯೇ. "ಹೇಳಿದೆ" ಬರಿಯ ಸಂಗತಿ. "ಹೇಳಿಬಿಟ್ಟೆ" ಎಂದಾಗ ಇನ್ನು ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ ಎಂಬ ಗಾಬರಿಯೋ ಹಗುರವೋ ಸೇರಿತು. "ಹೇಳಿಕೊಂಡೆ" ಎಂದಾಗ ಕೇಳುವವರೊಬ್ಬರು ಸಿಕ್ಕಿದರು. ನೀನು, ನೀವು ಎಂಬ ವ್ಯತ್ಯಾಸವನ್ನೂ ಮರೆಯಬೇಡಿ. ಇಷ್ಟು ದಿನ "ನೀನು" ಎನ್ನುತ್ತಿದ್ದ ಅಣ್ಣ ಆಸ್ತಿಯ ಪಾಲಿನ ಮಾತು ಬಂದ ದಿನ ತಮ್ಮನನ್ನು "ನೀವು" ಎಂದರೆ ಅದಕ್ಕಿಂತ ಕಠಿಣವಾದ ಬೈಗುಳ ಬೇಕಾಗಿಲ್ಲ.

ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಇನ್ನೊಂದು ಅನುಕೂಲ. "ಅಪ್ಪ ತಾನೇ ನೆಟ್ಟು, ಮೂವತ್ತು ಬೇಸಗೆ ನೀರು ಹಾಯಿಸಿದ ಅಡಿಕೆ ಸಾಲಿನ ನಡುವೆ ನಿಂತು ಸರ್ವೆಯವರ ಟೇಪಿನ ತುದಿ ಹಿಡಿದುಕೊಂಡ." ಕೊನೆಯ ಮೂರು ಪದಗಳ ತನಕ ಅವನು ಏನು ಮಾಡಲಿದ್ದಾನೆ ಎಂದು ತಿಳಿಯುವುದಿಲ್ಲ. ಹೆದ್ದಾರಿಗೆ ಹೋಗುವ ತೋಟವನ್ನು ಅಳೆಯಲು ಅವನೇ ಕೈಕೊಟ್ಟಿದ್ದಾನೆ. ಇದನ್ನೇ "ಟೇಪು ಹಿಡಿದುಕೊಂಡ ಅಪ್ಪ, ತಾನು ನೆಟ್ಟ ತೋಟದಲ್ಲಿ ನಿಂತು" ಎಂದು ತಿರುಗಿಸಿ ನೋಡಿ. ಪೆಟ್ಟು ಮೊದಲೇ ಬಿದ್ದು ಉಳಿದದ್ದು ವಿವರಣೆಯಾಗುತ್ತದೆ.

ಅವಸರ ತೋರಿಸಬೇಕಾದಲ್ಲಿ "ಎದ್ದು, ಚಾ ಬಿಟ್ಟು, ಗೇಟು ತೆಗೆದು, ಓಡಿ" ಎಂದು ಪೋಣಿಸಿ. ಆಮೇಲೆ ಎರಡು ಪದದ ವಾಕ್ಯ ಒಂದನ್ನು ಇಟ್ಟು ನಿಲ್ಲಿಸಿ. ಇದನ್ನು ಪುಟಕ್ಕೊಮ್ಮೆಗಿಂತ ಹೆಚ್ಚು ಮಾಡಿದರೆ ಚಟವಾಗುತ್ತದೆ, ಓದುಗರಿಗೆ ಮೊದಲೇ ಗೊತ್ತಾಗುತ್ತದೆ.

ಮನೆಯಲ್ಲಿ ಹವ್ಯಕವೋ ತುಳುವೋ ಮಾತಾಡುತ್ತೇವೆ, ಬಸ್ಸಿನಲ್ಲಿ ಮಲೆಯಾಳ. ಬರೆಯಲು ಕೂತರೆ ಶಾಲೆಯ ಕನ್ನಡ. ಭಾವ ಎಲ್ಲೋ ದಾರಿಯಲ್ಲೇ ಉಳಿದುಹೋಗುತ್ತದೆ. ಏನು ಮಾಡುವುದು?

ಗಡಿನಾಡಿನ ಬರಹಗಾರರಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ದೊಡ್ಡ ಅವಕಾಶವೂ ಹೌದು. ಸಿಟ್ಟು, ಮುದ್ದು, ಹೆದರಿಕೆ ಮೊದಲು ಕಿವಿಗೆ ಬಿದ್ದದ್ದು ಮನೆಮಾತಿನಲ್ಲಿ. ಪಠ್ಯಪುಸ್ತಕದ ಕನ್ನಡ ಆಮೇಲೆ ಬಂದದ್ದು. ಹಾಗಾಗಿ ಭಾವದ ಜಾಗ ಬಂದಾಗ ಅದು ಬಿಗಿಯಾದ ಅಂಗಿ ಹಾಕಿದ ಹಾಗೆ ಆಗುತ್ತದೆ.

ಒಂದು ಕ್ರಮ ಹೀಗೆ. ಮೊದಲು ದೃಶ್ಯದ ಸಂಭಾಷಣೆಯನ್ನಷ್ಟೇ ಮನೆಮಾತಿನಲ್ಲಿ, ಕಿವಿಗೆ ಕೇಳಿದ ಹಾಗೆಯೇ ಬರೆಯಿರಿ. ಕನ್ನಡ ಅಕ್ಷರ ಸಾಕು. ಆಮೇಲೆ ನಿರೂಪಣೆಯನ್ನು ನಿಮ್ಮ ಬರಹದ ಕನ್ನಡದಲ್ಲಿ ಸುತ್ತಲೂ ಕಟ್ಟಿ. ಮೂರನೇ ಸುತ್ತಿನಲ್ಲಿ ಧಾರವಾಡದ ಓದುಗರನ್ನು ನೆನೆದುಕೊಂಡು ಓದಿ. ಸಂದರ್ಭದಿಂದ ಅರ್ಥವಾಗುವ ಮನೆಮಾತನ್ನು ಹಾಗೆಯೇ ಬಿಡಿ, ಆಗದ್ದನ್ನು ಹತ್ತಿರದ ಆಡುಗನ್ನಡಕ್ಕೆ ತನ್ನಿ. ಪದದ ಪಕ್ಕದಲ್ಲೇ ಅರ್ಥ ಬರೆಯಬೇಡಿ, ಭಾವ ಅಲ್ಲೇ ಮುರಿಯುತ್ತದೆ.

ಮೇಲಿನ ಉಪ್ಪಿನಕಾಯಿಯ ದೃಶ್ಯವನ್ನೇ ನೋಡಿ. ಹವ್ಯಕರ ಮನೆಯಾದರೆ ಮಗ "ಸಿಕ್ಕುಗು" ಎನ್ನುತ್ತಾನೆ. ತುಳುವರ ಮನೆಯಾದರೆ "ತಿಕ್ಕುಂಡು". ಮಲೆಯಾಳದವರ ಮನೆಯಾದರೆ "ಕಿಟ್ಟುಂ". ಮೂರಕ್ಕೂ ಅರ್ಥ ಒಂದೇ, ಓದುಗರಿಗೆ ಹಿಂದಿನ ಸಾಲಿನಿಂದ ಅದು ತಿಳಿಯುತ್ತದೆ. ಆದರೆ ಮನೆಯ ಗೋಡೆ, ಒಲೆ, ದೇವರ ಕೋಣೆ ಎಲ್ಲ ಆ ಒಂದು ಪದದ ಜೊತೆ ಬರುತ್ತದೆ.

ಎಚ್ಚರಿಕೆಯೂ ಬೇಕು. ಮಲೆಯಾಳದ "ಸ್ನೇಹಂ" ಪ್ರೀತಿ, ನಮ್ಮ "ಸ್ನೇಹ" ಗೆಳೆತನ. ಅಲ್ಲಿ "ದೇಷ್ಯಂ" ಎಂದರೆ ಬರಿಯ ಸಿಟ್ಟು, ಸಂಜೆಗೆ ಇಳಿಯುವಂಥದ್ದು. ಕನ್ನಡದ "ದ್ವೇಷ" ವರ್ಷಗಟ್ಟಲೆ ಬಾಳುತ್ತದೆ. ಅಲ್ಲಿ "ವಿಷಮಂ" ಮನಸ್ಸಿನ ಬೇಗುದಿ, ಇಲ್ಲಿ "ವಿಷಮ" ಎಂದರೆ ಪರಿಸ್ಥಿತಿ ಕೆಟ್ಟಿದೆ ಎಂದರ್ಥ. ಎರಡೂ ಭಾಷೆ ಕಿವಿಯಲ್ಲಿರುವವರು ಅರಿಯದೆ ಒಂದನ್ನು ಇನ್ನೊಂದರ ಜಾಗದಲ್ಲಿ ಇಡುತ್ತಾರೆ. "ಅಪ್ಪನಿಗೆ ನನ್ನ ಮೇಲೆ ದ್ವೇಷ ಬಂತು" ಎಂದು ಬರೆದರೆ ಬೆಂಗಳೂರಿನ ಓದುಗರು ಬೇರೆಯೇ ಕತೆ ಓದುತ್ತಾರೆ. "ಬೇಜಾರು" ಎಂಬುದನ್ನೂ ಗಮನಿಸಿ. ಕರಾವಳಿಯಲ್ಲಿ ಸಾವಿನ ದುಃಖಕ್ಕೂ ಆ ಪದ ಸಲ್ಲುತ್ತದೆ, ಘಟ್ಟದ ಮೇಲೆ ಅದನ್ನು ಹೊತ್ತುಹೋಗದ ಬೇಸರ ಎಂದೇ ತಿಳಿಯುವವರು ಹಲವರು.

ತಾಳಮದ್ದಳೆಯಿಂದ ಬರಹಗಾರರು ಏನು ಕಲಿಯಬಹುದು?

ಯಕ್ಷಗಾನದ ಈ ರೂಪದಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿ ಕೂತಲ್ಲೇ ಕೂತು ಬರಿಯ ಮಾತಿನಿಂದ ಸಭೆಯನ್ನು ಕರಗಿಸುತ್ತಾರೆ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಕುಂಬಳೆ ನಮ್ಮಲ್ಲೇ ಇರುವಾಗ ಈ ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ.

ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗವನ್ನು ಗಮನಿಸಿ ಕೇಳಿ. ಒಳ್ಳೆಯ ಕರ್ಣ "ಅಯ್ಯೋ" ಎಂದು ಶುರುಮಾಡುವುದಿಲ್ಲ. ವಾದ ಮಾಡುತ್ತಾನೆ. ಹೆತ್ತವಳು ಯಾರಾದರೇನು, ಸಾಕಿದವಳು ರಾಧೆ ಎನ್ನುತ್ತಾನೆ. ಸಭೆ ನಕ್ಕ ದಿನ ಕೈಹಿಡಿದವನು ಕೌರವ ಎನ್ನುತ್ತಾನೆ. ಒಂದೊಂದೇ ವಾದ ಗೆಲ್ಲುತ್ತಾನೆ, ಗೆಲ್ಲುತ್ತ ಒಳಗೆ ಸೋಲುತ್ತಾನೆ. ಭಾವವನ್ನು ತಡೆಹಿಡಿಯಲು ಪಾತ್ರ ಹೆಣಗುವುದು ಕಂಡಾಗಲೇ ಅದರ ಒತ್ತಡ ನಮಗೆ ತಿಳಿಯುವುದು. ತೋಡಿಗೆ ಕಟ್ಟ ಹಾಕಿದ ಮೇಲೆ ತಾನೇ ನೀರಿನ ಬಲ ಗೊತ್ತಾಗುವುದು. ಆದ್ದರಿಂದ ನಿಮ್ಮ ಪಾತ್ರ ಅಳುವ ಮೊದಲು ಅಳದಿರಲು ಮಾಡಿದ ಪ್ರಯತ್ನವನ್ನು ಎರಡು ಮೂರು ಹಂತಗಳಲ್ಲಿ ಬರೆಯಿರಿ. ಎಷ್ಟೋ ಸಲ ಆಮೇಲೆ ಪಾತ್ರ ಅಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಗಡಿನಾಡಿನ ನೋವನ್ನು ಬರೆದರೆ ಭಾಷಣವಾಗುತ್ತದೆ. ತಪ್ಪಿಸುವುದು ಹೇಗೆ?

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಎಂಬ ದಿನಾಂಕ ನಮಗೆ ಗಾಯದ ಹಾಗೆ. ಹೊರಗಿನ ಓದುಗರಿಗೆ ಅದು ರಾಜ್ಯೋತ್ಸವದ ದಿನ. "ಅನ್ಯಾಯ", "ಮಲತಾಯಿ ಧೋರಣೆ", "ಹಕ್ಕು" ಇವು ಮನವಿಪತ್ರದ ಪದಗಳು, ಮನವಿಪತ್ರದಲ್ಲಿ ಅವು ಇರಲೇಬೇಕು. ಕತೆಗೆ ಬೇಕಾದದ್ದು ಒಬ್ಬ ಮನುಷ್ಯ ಮತ್ತು ಒಂದು ಅರ್ಜಿ. ಎಪ್ಪತ್ತು ದಾಟಿದ ಹೆಂಗಸು, ಕನ್ನಡ ಓದಬಲ್ಲವಳು, ವಿಲೇಜ್ ಆಫೀಸಿನ ಕಟ್ಟೆಯಲ್ಲಿ ಮಲೆಯಾಳದ ಫಾರಂ ಹಿಡಿದು ಕೂತಿದ್ದಾಳೆ. ತುಂಬಿಕೊಡಲು ಯಾರನ್ನು ಕೇಳುವುದು ಎಂದು ನೋಡುತ್ತಿದ್ದಾಳೆ. ಮೊಮ್ಮಗನ ವಯಸ್ಸಿನ ಹುಡುಗ ಬರೆದುಕೊಟ್ಟು ಹೆಬ್ಬೆಟ್ಟಿನ ಶಾಯಿಯ ಡಬ್ಬಿ ಮುಂದೆ ತಳ್ಳುತ್ತಾನೆ. ಆಕೆ ಪೆನ್ನು ಕೇಳುತ್ತಾಳೆ.

ಅಷ್ಟಕ್ಕೇ ನಿಲ್ಲಿಸಿ. ಆ ಹುಡುಗನನ್ನು ಕೆಟ್ಟವನಾಗಿ ಮಾಡಬೇಡಿ. ಅವನು ಸಹಾಯವನ್ನೇ ಮಾಡಿದ. ವೈರಿಯನ್ನು ಸೃಷ್ಟಿಸಿದ ಕೂಡಲೇ ಓದುಗರ ಗಮನ ಆಕೆಯ ಅವಮಾನದಿಂದ ಅವನ ತಪ್ಪಿನ ಕಡೆ ತಿರುಗುತ್ತದೆ.

ಬೇರೆಯವರ ಸಂಕಟದ ಬಗ್ಗೆ, ಉದಾಹರಣೆಗೆ ಎಂಡೋಸಲ್ಫಾನ್ ಬಾಧಿತರ ಬಗ್ಗೆ ಬರೆಯುವಾಗ ಏನು ನೆನಪಿಡಬೇಕು?

ಸರಕಾರಿ ನಿಗಮದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಈ ಕೀಟನಾಶಕದ ವಿಷದ ಕತೆ ಎಣ್ಮಕಜೆಯಂಥ ಊರುಗಳಲ್ಲಿ ಇನ್ನೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಅಲ್ಲಿಯ ಮಕ್ಕಳ ದೇಹದ ಊನವನ್ನು ಒಂದಾದ ಮೇಲೊಂದು ವರ್ಣಿಸಿದ ಬರಹಗಳು ಹಲವು ಬಂದಿವೆ. ಅವು ಓದುಗರನ್ನು ಬೆಚ್ಚಿಬೀಳಿಸುತ್ತವೆ, ಬೆಚ್ಚಿದವರು ಪುಟ ತಿರುಗಿಸಿ ಹೋಗುತ್ತಾರೆ.

ದೇಹದ ಬದಲು ದಿನಚರಿ ಬರೆಯಿರಿ. ಇಪ್ಪತ್ತೈದು ವರ್ಷದ ಮಗನನ್ನು ಸ್ನಾನಕ್ಕೆ ಎತ್ತಿಕೊಂಡು ಹೋಗುವ ತಾಯಿಗೆ ಈಗ ಅರುವತ್ತು. ಅವಳು ಮದುವೆಗೆ ಹೋಗದೆ ಎಷ್ಟು ವರ್ಷವಾಯಿತು, ರಾತ್ರಿ ಎಷ್ಟು ಸಲ ಏಳುತ್ತಾಳೆ ಎಂಬ ಲೆಕ್ಕ ಸಾಕು. ಕೇಳಿ, ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೇ ಓದಿಹೇಳಿ. ಹೆಸರು, ಮನೆಯ ಗುರುತು ಬದಲಿಸಿ. "ಪಾಪ" ಎಂಬ ಪದ ಎಲ್ಲಿಯೂ ಬರಬಾರದು. ಆ ತಾಯಿ ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ.

ನೋವು ಹಸಿಯಾಗಿರುವಾಗಲೇ ಬರೆಯಬೇಕೇ, ಆರಿದ ಮೇಲೆಯೇ?

ಟಿಪ್ಪಣಿ ಅಂದೇ, ಬರಹ ಆಮೇಲೆ. ಸ್ವಂತ ಸುಖದುಃಖದಲ್ಲಿ ಮುಳುಗಿರುವುದು ರಸಕ್ಕೆ ಒಂದು ವಿಘ್ನ ಎಂದು ಭರತನ ಸೂತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳಿದ್ದಾನೆ. ಆತ ಹೇಳಿದ್ದು ರಸಿಕರನ್ನು ಕುರಿತು, ಬರೆಯುವವರಿಗೂ ಆ ಮಾತು ಸಲ್ಲುತ್ತದೆ. ಆದರೆ ಪೂರ್ತಿ ಆರಲು ಬಿಟ್ಟರೆ ವಿವರಗಳು ಹಾರಿಹೋಗಿ "ದುಃಖವಾಗಿತ್ತು" ಎಂಬ ಸಾರಾಂಶ ಮಾತ್ರ ಉಳಿಯುತ್ತದೆ. ಆದ್ದರಿಂದ ಅಂದೇ ಹತ್ತು ಸಾಲು ಗೀಚಿಡಿ. ಯಾರು ಎಲ್ಲಿ ಕೂತಿದ್ದರು, ಒಲೆಯ ಮೇಲೆ ಏನಿತ್ತು, ಯಾವ ವಾಸನೆ, ಯಾರು ಯಾವ ಮಾತನ್ನು ಯಾವ ಪದಗಳಲ್ಲಿ ಹೇಳಿದರು, ಖರ್ಚು ಯಾರು ಕೊಟ್ಟರು. ಭಾವದ ಬಗ್ಗೆ ಒಂದು ಪದವೂ ಬೇಡ. ಸಾವಿನ ಮನೆಯ ಅಂಗಳದಲ್ಲಿ ಯಾರೋ ಬಂದವರ ಚಪ್ಪಲಿಗಳನ್ನು ಸುಮ್ಮನೆ ಜೋಡಿಸುತ್ತಿದ್ದರು ಎಂಬಂಥ ವಿವರ ಆರು ತಿಂಗಳ ಮೇಲೆ ಇಡೀ ಕತೆಗೆ ಬಾಗಿಲು ತೆರೆಯುತ್ತದೆ.

ಕವಿತೆಯಲ್ಲಿ ಪ್ರಾಸ ಭಾವಕ್ಕೆ ಸಹಾಯವೇ, ಅಡ್ಡಿಯೇ?

ಪ್ರಾಸಕ್ಕಾಗಿ ಪದ ಹುಡುಕಲು ಹೊರಟರೆ ಅಡ್ಡಿ. "ನೋವು" ಬಂದರೆ "ಸಾವು", "ಕಾವು" ತಾವಾಗಿಯೇ ಬಂದು ಕೂರುತ್ತವೆ, ಅನುಭವ ಹೊರಗೆ ನಿಲ್ಲುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸದ, ಎಂದರೆ ಸಾಲುಗಳ ಎರಡನೇ ಅಕ್ಷರ ಹೊಂದಬೇಕೆಂಬ, ಕಟ್ಟನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದರು. ಲಯವನ್ನು ಬಿಡಲಿಲ್ಲ ಎಂಬುದೂ ನೆನಪಿರಲಿ.

ಸಂತೋಷವನ್ನು ಬರೆಯುವುದು ದುಃಖಕ್ಕಿಂತ ಕಷ್ಟ ಎನಿಸುತ್ತದೆ.

ಹೌದು, ಕಷ್ಟ. ಮೊದಲು ಕೊರತೆ ತೋರಿಸಿ, ಆಮೇಲೆ ಅದು ತುಂಬಿದ್ದನ್ನು ಸಣ್ಣದಾಗಿ ತೋರಿಸಿ. ಮುರಕಲ್ಲಿನ ಗುಡ್ಡದಲ್ಲಿ ನೀರಿಗಾಗಿ ತಿಂಗಳುಗಟ್ಟಲೆ ಸುರಂಗ ಕೊರೆದವನು ಒಂದು ದಿನ ಗೋಡೆಗೆ ಅಂಗೈ ಇಟ್ಟು ತೆಗೆದಾಗ ಅಂಗೈ ಒದ್ದೆಯಾಗಿದ್ದರೆ ಸಾಕು. ಕುಣಿದಾಡಿಸುವ ಅಗತ್ಯವಿಲ್ಲ.

ಬರೆದದ್ದನ್ನು ಯಾರಿಗೆ ತೋರಿಸಬೇಕು, ಏನು ಕೇಳಬೇಕು?

ಇಬ್ಬರು ಸಾಕು. ಒಬ್ಬರು ಆ ಬದುಕನ್ನು ಬಲ್ಲವರು, ಇನ್ನೊಬ್ಬರು ಘಟ್ಟದ ಮೇಲಿನವರು. "ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂಬ ಉತ್ತರ ಬಂದೇ ಬರುತ್ತದೆ. ಓದಿ ಎರಡು ದಿನ ಕಳೆದ ಮೇಲೆ, ಕತೆಯಲ್ಲಿ ಯಾವ ವಸ್ತು ನೆನಪಿದೆ ಎಂದು ಕೇಳಿ. ಬಾಟಲಿ, ತಕ್ಕಡಿ, ಪೆನ್ನು ಎಂಬಂಥ ಉತ್ತರ ಬಂದರೆ ದೃಶ್ಯ ನಿಂತಿದೆ. "ತಾಯಿಯ ಪ್ರೀತಿ" ಎಂಬಂಥ ಉತ್ತರ ಬಂದರೆ ಪುನಃ ಕರಡಿಗೆ ಮರಳಿ. ಎಲ್ಲಿ ಓದುವುದು ನಿಲ್ಲಿಸಿ ಫೋನ್ ನೋಡಿದಿರಿ ಎಂದೂ ಕೇಳಿ. ಅವರು ತೋರಿಸಿದ ಸಾಲಿಗಿಂತ ಮೂರು ನಾಲ್ಕು ಸಾಲು ಮೇಲೆ ನೋಡಿ, ಭಾವದ ಹೆಸರು ಹೇಳಿಬಿಟ್ಟ ವಾಕ್ಯ ಹೆಚ್ಚಾಗಿ ಅಲ್ಲೇ ಸಿಗುತ್ತದೆ.